ತೂತು ಕೊರೆದ ರಟ್ಟು



ಶಿಕ್ಷಣವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಬಾನುಲಿಯವರು ಕರೆದಾಗ ದೊಡ್ಡ ವಿಷಯಗಳಿಗೇನೂ ಬರವಿರಲಿಲ್ಲ. ಶಿಕ್ಷಣ ನೀತಿ, ಬೋಧನ ಮಾಧ್ಯಮ, ಮೌಲ್ಯಗಳ ಕುಸಿತ, ಇವುಗಳ ಮೇಲೆ ಅಧಿಕಾರವಾಣಿಯಿಂದ ನುಡಿಯಬಲ್ಲವರು ನಾಡಿನಲ್ಲಿ ಧಾರಾಳವಾಗಿ ಇದ್ದಾರೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದ ನನ್ನಂಥವನ ದೃಷ್ಟಿ ಅಷ್ಟು ದೂರ ಹರಿಯುವುದಿಲ್ಲ. ಆದುದರಿಂದ ಮೇಷ್ಟರ ಮೇಜಿನ ಖಾನೆಯಲ್ಲಿ ಸೀಮೆಸುಣ್ಣದ ತುಂಡುಗಳ ನಡುವೆ ಬಿದ್ದಿರುವ ಒಂದು ಸಣ್ಣ ವಸ್ತುವನ್ನು ಆರಿಸಿಕೊಂಡಿದ್ದೇನೆ. ಅದು ತೂತು ಕೊರೆದ ಒಂದು ರಟ್ಟು.

ಪ್ರಶ್ನೆಯ ಕೆಳಗೆ ನಾಲ್ಕು ಉತ್ತರಗಳನ್ನು ಕೊಟ್ಟು, ಸರಿಯಾದುದನ್ನು ಆರಿಸಿ ಕ್ರಮಾಕ್ಷರದೊಡನೆ ಬರೆಯಲು ಹೇಳುವ ಪರೀಕ್ಷೆಯನ್ನು ನಮ್ಮಲ್ಲಿ ಹತ್ತನೆಯ ತರಗತಿ ದಾಟಿದವರೆಲ್ಲ ಬಲ್ಲರು. ಇಂಥ ಪ್ರಶ್ನೆಗಳನ್ನು ತುಸು ಹೆಚ್ಚಾಗಿ ಕೊಡುವ ಮೇಷ್ಟರು ಉತ್ತರಕ್ಕೆಂದು ಬೇರೊಂದು ಹಾಳೆ ಮಾಡುತ್ತಾರೆ. ಇಪ್ಪತ್ತೈದು ಸಾಲು, ಸಾಲಿಗೆ ನಾಲ್ಕು ಸೊನ್ನೆ. ಹುಡುಗರು ತಮಗೆ ಸರಿಯೆಂದು ತೋರಿದ ಸೊನ್ನೆಯನ್ನು ಮಸಿಯಿಂದ ತುಂಬುತ್ತಾರೆ. ಅದೇ ಅಳತೆಯ ರಟ್ಟೊಂದನ್ನು ತೆಗೆದುಕೊಂಡು (ಹಳೆಯ ಕ್ಯಾಲೆಂಡರಿನ ಬೆನ್ನಿನ ರಟ್ಟು ಇದಕ್ಕೆ ಹೇಳಿ ಮಾಡಿಸಿದ್ದು) ಸರಿಯುತ್ತರದ ಸೊನ್ನೆ ಇರುವ ಕಡೆಗಳಲ್ಲಿ ಮಾತ್ರ ತೂತು ಕೊರೆಯಬೇಕು. ಕಚೇರಿಯಲ್ಲಿ ಕಾಗದಕ್ಕೆ ತೂತು ಹಾಕುವ ಯಂತ್ರ ಅಂಚನ್ನು ಬಿಟ್ಟು ಒಳಕ್ಕೆ ತಲುಪುವುದಿಲ್ಲ. ಕೈವಾರದ ಮುಳ್ಳಿನಿಂದ ಗುರುತು ಮಾಡಿ ಬ್ಲೇಡಿನಿಂದ ಕೊರೆಯುವುದೇ ದಾರಿ. ಈ ರಟ್ಟನ್ನು ಉತ್ತರದ ಹಾಳೆಯ ಮೇಲೆ ಕೂಡಿಸಿದರೆ ಎಷ್ಟು ತೂತುಗಳಲ್ಲಿ ಮಸಿ ಕಾಣುತ್ತದೆಯೋ ಅಷ್ಟು ಅಂಕ. ಓದುವುದಿಲ್ಲ, ಯೋಚಿಸುವುದಿಲ್ಲ, ಎಣಿಸಿದರಾಯಿತು. ಮೂರು ವಿಭಾಗ, ವಿಭಾಗಕ್ಕೆ ಅರವತ್ತು ಮಕ್ಕಳು ಎಂದಿಟ್ಟುಕೊಳ್ಳಿ. ನಾಲ್ಕೂವರೆ ಸಾವಿರ ಉತ್ತರಗಳಾದುವು. ಹಾಳೆಗೆ ಅರ್ಧ ನಿಮಿಷದಂತೆ ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿದು, ಮೇಷ್ಟರು ತಮ್ಮ ಮನೆಯ ಮಕ್ಕಳ ಮುಖ ನೋಡಬಹುದು. ಇದು ಸಣ್ಣ ಉಪಕಾರವೆಂದು ಹೇಳುವವರು ಉತ್ತರಪತ್ರಿಕೆಗಳ ಕಟ್ಟನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮನೆಗೆ ಹೋದವರಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ರಟ್ಟನ್ನು ಇಡುವ ಮೊದಲು ಹಾಳೆಯ ಮೇಲೆ ಒಮ್ಮೆ ಕಣ್ಣಾಡಿಸಬೇಕು. ನಾಲ್ಕು ಸೊನ್ನೆಗಳನ್ನೂ ತುಂಬಿದ ಜಾಣನಿಗೆ ಈ ರಟ್ಟು ಇಪ್ಪತ್ತೈದಕ್ಕೆ ಇಪ್ಪತ್ತೈದು ಕೊಟ್ಟುಬಿಡುತ್ತದೆ. ತೂತಿನ ಆಚೆಗೆ ಏನಿದೆ ಎಂಬುದು ಅದಕ್ಕೆ ತಿಳಿಯದು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ; ಇದಕ್ಕೆ ಮತ್ತೆ ಬರುತ್ತೇನೆ.

ರಟ್ಟು ನಮ್ಮಲ್ಲಿ ಹುಟ್ಟಿದ್ದಲ್ಲ, ಅಮೆರಿಕದಿಂದ ಬಂದದ್ದು. ಅಲ್ಲಿ 1912-13ರ ಸುಮಾರಿಗೆ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ವಿದ್ವಾಂಸರು ಒಂದು ತುಂಟ ಪ್ರಯೋಗ ಮಾಡಿದರು. ಒಂದೇ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಾರು ಶಾಲೆಗಳಿಗೆ ಕಳುಹಿಸಿ ಅಂಕ ಹಾಕಲು ಕೇಳಿಕೊಂಡರು. ಇಂಗ್ಲಿಷ್ ಪತ್ರಿಕೆಗೆ ಬಂದ ಅಂಕಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಸಾಹಿತ್ಯವೆಂದ ಮೇಲೆ ರುಚಿಭೇದವಿದ್ದೇ ಇರುತ್ತದೆ ಎಂದು ಜನ ಸಮಾಧಾನ ಹೇಳಿಕೊಂಡರು. ರೇಖಾಗಣಿತದ ಪತ್ರಿಕೆಯನ್ನು ಕಳುಹಿಸಿದಾಗ ಒಬ್ಬ ಮೇಷ್ಟರು ನೂರಕ್ಕೆ ಮೂವತ್ತರೊಳಗೆ ಕೊಟ್ಟದ್ದಕ್ಕೆ ಇನ್ನೊಬ್ಬರು ತೊಂಬತ್ತಕ್ಕೂ ಮೇಲೆ ಕೊಟ್ಟಿದ್ದರು. ಆ ಸಮಾಧಾನಕ್ಕೂ ಅಲ್ಲಿ ಎಡೆಯಿಲ್ಲದಾಯಿತು. ಕ್ಯಾನ್ಸಸ್ ರಾಜ್ಯದ ಫ್ರೆಡರಿಕ್ ಕೆಲ್ಲಿ ಎಂಬವರು ಇದೇ ಬೇಗೆಯನ್ನು ಕುರಿತು 1914ರಲ್ಲಿ ಒಂದು ಪ್ರಬಂಧ ಬರೆದರು. ಮರು ವರ್ಷದ ಹೊತ್ತಿಗೆ, ಸರಿಯಾದ ಉತ್ತರಕ್ಕೆ ಗುರುತು ಹಾಕಿದರೆ ಸಾಕೆನ್ನುವ ಮೌನ ವಾಚನದ ಪರೀಕ್ಷೆಯೊಂದನ್ನು ರಚಿಸಿದರು. ಬಹು ಆಯ್ಕೆಯ ಪ್ರಶ್ನೆಯ ಮೂಲಪುರುಷರೆಂದು ಸಾಮಾನ್ಯವಾಗಿ ಇವರನ್ನೇ ಹೆಸರಿಸುತ್ತಾರೆ. ಮೊದಲ ಮಹಾಯುದ್ಧ ಬಂತು. 1917ರಿಂದ ಮುಂದೆ ಅಮೆರಿಕದ ಸೈನ್ಯ ಸುಮಾರು 17 ಲಕ್ಷ ಮಂದಿಯನ್ನು ಇಂಥ ಪರೀಕ್ಷೆಗಳಿಗೆ ಕೂಡಿಸಿತು. ಅಷ್ಟೊಂದು ಹಾಳೆಗಳನ್ನು ತಿದ್ದಲು ಗುಮಾಸ್ತರ ಕೈಗೆ ಕೊಟ್ಟದ್ದು ಕಂಡಿ ಕೊರೆದ ಅಚ್ಚುಗಳನ್ನು. ನಮ್ಮ ಕ್ಯಾಲೆಂಡರಿನ ರಟ್ಟಿನ ವಂಶಾವಳಿ ಇಷ್ಟು.

ಆದುದರಿಂದ ಈ ಬಗೆಯ ಪರೀಕ್ಷೆಯನ್ನು ಸೋಮಾರಿ ಮೇಷ್ಟರ ಉಪಾಯವೆಂದು ಹಳಿಯುವವರ ಜೊತೆಗೆ ನಾನು ಸೇರಲಾರೆ. ಅದು ಹುಟ್ಟಿದ್ದು ನ್ಯಾಯದ ಆಸೆಯಿಂದ. ಮುದ್ದಾದ ಅಕ್ಷರಕ್ಕೆ ಎರಡು ಅಂಕ ಹೆಚ್ಚು, ಕಾಗೆಯ ಕಾಲು ಗುಬ್ಬಿಯ ಕಾಲಿಗೆ ಎರಡು ಕಡಿಮೆ. ಬೆಳಗಿನ ಕಾಫಿಯ ಹೊತ್ತಿನಲ್ಲಿ ತಿದ್ದಿದ ಪತ್ರಿಕೆಗೆ ಒಂದು ಬೆಲೆ, ರಾತ್ರಿ ಹನ್ನೊಂದಕ್ಕೆ ತಿದ್ದಿದ್ದಕ್ಕೆ ಇನ್ನೊಂದು. ರಟ್ಟಿಗೆ ಇದಾವುದೂ ಇಲ್ಲ. ಅದು ಜಾತಿ ಕೇಳುವುದಿಲ್ಲ, ಮುಖ ನೋಡುವುದಿಲ್ಲ, ಆಕಳಿಸುವುದಿಲ್ಲ.

ನನ್ನ ತಕರಾರು ಬೇರೆ. ರಟ್ಟಿಗೆ ಇಪ್ಪತ್ತೈದು ಕಣ್ಣುಗಳಿವೆ, ಎಪ್ಪತ್ತೈದು ರೆಪ್ಪೆಗಳಿವೆ. ಮಗು ಸರಿಯುತ್ತರವನ್ನು ಆರಿಸಿತೆ ಎಂಬುದು ಕಣ್ಣಿಗೆ ಕಾಣುತ್ತದೆ. ಆರಿಸದಿದ್ದರೆ ಮತ್ತಾವುದನ್ನು ಆರಿಸಿತು ಎಂಬುದನ್ನು ರೆಪ್ಪೆ ಮುಚ್ಚುತ್ತದೆ. ಮೇಷ್ಟರು ತಿಳಿಯಬೇಕಾದದ್ದು ಬಹುಮಟ್ಟಿಗೆ ಆ ರೆಪ್ಪೆಯ ಅಡಿಯಲ್ಲೇ ಇರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ‘ಮಳೆಗಾಲ’ ಎಂಬ ಮಾತಿನಲ್ಲಿ ಆಗಿರುವ ಸಂಧಿ ಯಾವುದು? ಲೋಪ, ಆಗಮ, ಆದೇಶ, ಸವರ್ಣದೀರ್ಘ, ಇವು ನಾಲ್ಕು ಆಯ್ಕೆಗಳು. ಮಳೆ ಮತ್ತು ಕಾಲ ಸೇರಿದಾಗ ಕಕಾರಕ್ಕೆ ಗಕಾರ ಬರುವುದರಿಂದ ಸರಿಯುತ್ತರ ಆದೇಶ. ಎಂಟನೆಯ ತರಗತಿಯೊಂದರಲ್ಲಿ ಈ ಪ್ರಶ್ನೆಯನ್ನು ಕೊಟ್ಟಿದ್ದೆ. ಅರ್ಧದಷ್ಟು ಮಕ್ಕಳು ಸರಿಯಾಗಿ ಆರಿಸಿದ್ದರು. ರಟ್ಟನ್ನು ಪಕ್ಕಕ್ಕಿಟ್ಟು ಉಳಿದವರ ಹಾಳೆಗಳನ್ನು ನೋಡಿದರೆ ಹೆಚ್ಚಿನವರು ಆಗಮಕ್ಕೆ ಮಸಿ ತುಂಬಿದ್ದರು, ಕೆಲವರು ಲೋಪಕ್ಕೆ, ಬೆರಳೆಣಿಕೆಯವರು ಸವರ್ಣದೀರ್ಘಕ್ಕೆ. ಮರುದಿನ ಯಾರಿಗೆ ಎಷ್ಟು ಅಂಕವೆಂದು ಹೇಳುವ ಮೊದಲೇ, ಅದನ್ನೇಕೆ ಆರಿಸಿದಿರಿ ಎಂದು ಕೇಳಿದೆ.

ಲೋಪ ಎಂದಿದ್ದ ಹುಡುಗಿ ಎದ್ದು ನಿಂತು ಹೇಳಿದಳು: “ಬಿಡಿಸಿ ಬರೆದಾಗ ಕ ಇತ್ತು ಸಾರ್. ಕೂಡಿಸಿದ ಮೇಲೆ ಇಲ್ಲ. ಇದ್ದದ್ದು ಹೋದರೆ ಲೋಪ ತಾನೆ?”

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೂತಲ್ಲಿಂದಲೇ ಕೂಗಿದ: “ಇಲ್ಲದಿದ್ದ ಗ ಬಂತಲ್ಲ! ಬಂದರೆ ಆಗಮ ಸಾರ್.”

ಸವರ್ಣದೀರ್ಘದವನೊಬ್ಬ ‘ಗಾ’ ದೀರ್ಘವಾಗಿದೆಯೆಂದು ತೋರಿಸಿದ. ಕಾಲ ಎಂಬಲ್ಲಿಯೂ ಅದು ಮೊದಲೇ ದೀರ್ಘವಾಗಿತ್ತೆಂದು ಪಕ್ಕದವನೇ ಅವನನ್ನು ಕೂಡಿಸಿದ. ಉಳಿದ ಇಬ್ಬರ ವಾದ ಮಾತ್ರ ಬಿಡಲಿಲ್ಲ. ಹೋದದ್ದೂ ನಿಜ, ಬಂದದ್ದೂ ನಿಜ. ಕೊನೆಗೆ ಮಾತೇ ಆಡದ ಇನ್ನೊಂದು ಹುಡುಗಿ, “ಬಸ್ಸಿನಲ್ಲಿ ಒಬ್ಬರು ಎದ್ದ ಜಾಗದಲ್ಲಿ ಇನ್ನೊಬ್ಬರು ಕೂತುಕೊಂಡ ಹಾಗೆ ಆಯಿತು ಸಾರ್” ಎಂದಳು. ಆದೇಶವೆಂದರೆ ಅಷ್ಟೇ. ನಮ್ಮ ಪ್ರಾಚೀನ ವೈಯಾಕರಣರೂ ‘ಸ್ಥಾನ’ ಎಂಬ ಮಾತನ್ನೇ ಹಿಡಿದು ಅದನ್ನು ವಿವರಿಸಿದರು. ಲೋಪವೆಂದವಳು ಅರ್ಧವನ್ನು ಕಂಡಿದ್ದಳು, ಆಗಮವೆಂದವನು ಇನ್ನರ್ಧವನ್ನು. ರಟ್ಟಿನ ಪ್ರಕಾರ ಇಬ್ಬರಿಗೂ ಸೊನ್ನೆ, ಕಣ್ಣುಮುಚ್ಚಿ ಯಾವುದೋ ಒಂದಕ್ಕೆ ಮಸಿ ತುಂಬಿದವನಿಗೆ ಬಂದ ಸೊನ್ನೆಯೇ.

ಇದು ವ್ಯಾಕರಣಕ್ಕೆ ಮಾತ್ರ ಸೇರಿದ ವಿಚಾರವಲ್ಲ. ಗಣಿತದ ಮೇಷ್ಟರುಗಳಿಗೆ ಚೆನ್ನಾಗಿ ಪರಿಚಯವಿರುವ ಪ್ರಶ್ನೆಯೊಂದನ್ನು ನೋಡಿ. 0.4, 0.35, 0.125, ಇವುಗಳಲ್ಲಿ ದೊಡ್ಡದು ಯಾವುದು? 0.125 ಎನ್ನುವ ಮಗು ಬಿಂದುವಿನ ಆಚೆಗಿನ ಅಂಕಿಗಳನ್ನು ನೂರಿಪ್ಪತ್ತೈದು, ಮೂವತ್ತೈದು, ನಾಲ್ಕು ಎಂದು ಓದಿಕೊಂಡಿದೆ. ಅದು ಅಜಾಗ್ರತೆಯಲ್ಲ, ತಾನು ಕಲಿತ ಒಂದು ನಿಯಮವನ್ನು ನಿಷ್ಠೆಯಿಂದ ಸಲ್ಲದ ಕಡೆಗೆ ಒಯ್ದಿದೆ. ಇನ್ನೂ ವಿಚಿತ್ರವೆಂದರೆ, 0.4 ಎಂದು ಸರಿಯಾಗಿ ಹೇಳಿದ ಮಕ್ಕಳೆಲ್ಲರೂ ಸರಿಯಾಗಿ ತಿಳಿದವರಲ್ಲ. ಬಿಂದುವಿನ ಆಚೆಗೆ ಅಂಕಿಗಳು ಹೆಚ್ಚಿದಷ್ಟೂ ಸಂಖ್ಯೆ ಚಿಕ್ಕದಾಗುತ್ತದೆ ಎಂಬ ಇನ್ನೊಂದು ತಪ್ಪು ನಿಯಮವೂ ಉಂಟು. ಅದನ್ನು ನಂಬಿದ ಮಗುವೂ ಇಲ್ಲಿ 0.4 ಎಂದೇ ಹೇಳುತ್ತದೆ. ಮಾರನೆಯ ದಿನ 0.3 ದೊಡ್ಡದೋ 0.45 ದೊಡ್ಡದೋ ಎಂದು ಕೇಳಿದರೆ 0.3 ಎಂದು ಸಿಕ್ಕಿಬೀಳುತ್ತದೆ. ಸರಿಯುತ್ತರದ ತೂತಿನಲ್ಲಿ ಕಂಡ ಮಸಿಯನ್ನೂ ಪೂರ್ತಿ ನಂಬುವಂತಿಲ್ಲ.

ರಟ್ಟಿನ ಕೆಲಸವನ್ನು ಯಂತ್ರ ವಹಿಸಿಕೊಂಡ ಕಥೆ ರಸವತ್ತಾಗಿದೆ. ಮಿಷಿಗನ್ ರಾಜ್ಯದ ಐರನ್‌ವುಡ್ ಎಂಬ ಊರಿನಲ್ಲಿ ರೆನಾಲ್ಡ್ ಜಾನ್ಸನ್ ಎಂಬ ವಿಜ್ಞಾನದ ಮೇಷ್ಟರಿದ್ದರು. ಹುಡುಗನಾಗಿದ್ದಾಗ ಅವರದೊಂದು ಕುಚೇಷ್ಟೆ: ಅಕ್ಕಂದಿರನ್ನು ಕಾಣಲು ಬರುತ್ತಿದ್ದ ಯುವಕರ ಮೋಟಾರುಗಳ ಸ್ಪಾರ್ಕ್ ಪ್ಲಗ್ಗಿನ ಮೇಲೆ ಪೆನ್ಸಿಲಿನಿಂದ ಗೀಚಿಬಿಡುವುದು. ಪೆನ್ಸಿಲಿನ ಸೀಸವೆಂದು ನಾವು ಕರೆಯುವುದು ಗ್ರಾಫೈಟು. ವಿದ್ಯುತ್ತು ಅದರ ಮೂಲಕ ಹರಿಯುತ್ತದೆ. ಕಿಡಿಯಾಗಬೇಕಾದ ವಿದ್ಯುತ್ತು ಗೀಚಿದ ದಾರಿಯಲ್ಲಿ ಸೋರಿಹೋಗಿ ಮೋಟಾರು ಹೊರಡುತ್ತಿರಲಿಲ್ಲ. ಮೇಷ್ಟರಾದ ಮೇಲೆ ಆ ನೆನಪು ಫಲಕ್ಕೆ ಬಂತು. ಹಾಳೆಯ ಮೇಲಿನ ಪೆನ್ಸಿಲ್ ಗುರುತುಗಳ ಮೂಲಕ ವಿದ್ಯುತ್ತು ಹರಿಯಿಸಿದರೆ ಸರಿಯುತ್ತರಗಳನ್ನು ಅಳೆಯಬಹುದಲ್ಲ! ಐಬಿಎಂ ಕಂಪನಿ 1934ರಲ್ಲಿ ಅವರನ್ನು ಕೆಲಸಕ್ಕೆ ಕರೆಯಿತು. 1938ರಲ್ಲಿ ‘ಐಬಿಎಂ 805’ ಎಂಬ ಯಂತ್ರ ಮಾರುಕಟ್ಟೆಗೆ ಬಂತು. ಹಾಳೆಯನ್ನು ಒಳಗೆ ತೂರಿಸಿದರೆ ಎಲ್ಲ ಸರಿಗುರುತುಗಳ ವಿದ್ಯುತ್ತೂ ಒಟ್ಟುಗೂಡಿ, ಗಡಿಯಾರದಂಥ ಮುಖದ ಮೇಲೆ ಒಂದು ಮುಳ್ಳು ತಿರುಗಿ ಅಂಕವನ್ನು ತೋರಿಸುತ್ತಿತ್ತು. ಇದೇ ಜಾನ್ಸನ್ ಮುಂದೆ 1956ರಲ್ಲಿ ಹೊರಬಂದ ಗಣಕಯಂತ್ರದ ಮೊದಲ ಡಿಸ್ಕ್ ಸ್ಮರಣಕೋಶದ ಕೆಲಸಕ್ಕೂ ಮುಂದಾಳಾದರು. ಮೇಷ್ಟರುಗಳ ಕುಚೇಷ್ಟೆ ಎಲ್ಲಿಗೆ ಮುಟ್ಟೀತೆಂದು ಹೇಳಲಾಗದು.

ಮುಳ್ಳನ್ನು ಗಮನಿಸಿ. ರಟ್ಟಾದರೆ ಪಕ್ಕಕ್ಕೆ ಸರಿಸಬಹುದಿತ್ತು. ಮುಳ್ಳು ಹೇಳುವುದು ಒಟ್ಟು ಮೊತ್ತವನ್ನು. ಯಾವ ಪ್ರಶ್ನೆ ತಪ್ಪಿತು, ಹೇಗೆ ತಪ್ಪಿತು ಎಂಬುದೆಲ್ಲ ವಿದ್ಯುತ್ತಿನಲ್ಲಿ ಕರಗಿಹೋಗುತ್ತದೆ. ಮುಂದೆ ವಿದ್ಯುತ್ತಿನ ಜಾಗಕ್ಕೆ ಬೆಳಕು ಬಂತು. ಕಪ್ಪಾದ ಸೊನ್ನೆ ಬೆಳಕನ್ನು ಹೀರುತ್ತದೆ, ಬಿಳಿಯದು ಹಿಂದಕ್ಕೆ ಕಳುಹಿಸುತ್ತದೆ. ಈಗ ನಾವು ಒಎಂಆರ್ ಎಂದು ಕರೆಯುವ ಹಾಳೆಯ ಗುಟ್ಟು ಇದು. ಕರ್ನಾಟಕದ ಮನೆಮನೆಗೆ ಅದರ ಪರಿಚಯ ಮಾಡಿಸಿದ್ದು 1994ರಲ್ಲಿ ಆರಂಭವಾದ ಸಿಇಟಿ. 2021ರ ಜುಲೈ 19 ಮತ್ತು 22ರಂದು, ಕೋವಿಡ್ ಕಾಲದಲ್ಲಿ, ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆಯೇ ಎರಡು ದಿನಗಳಲ್ಲಿ ಒಎಂಆರ್ ಹಾಳೆಯ ಮೇಲೆ ಮುಗಿಯಿತು, ಭಾಷೆಗಳನ್ನೂ ಸೇರಿಸಿ. ಅಂದಿನ ಸ್ಥಿತಿಯಲ್ಲಿ ಅದು ವಿವೇಕದ ಕ್ರಮವೇ. ಆದರೂ ಅಂತಿಮ ಪರೀಕ್ಷೆಯಲ್ಲಿ ಒಂದು ವಾಕ್ಯವನ್ನೂ ಬರೆಯದೆ ಕನ್ನಡದಲ್ಲಿ ತೇರ್ಗಡೆಯಾದ ಒಂದು ತಂಡವಿದೆ ಎಂಬುದನ್ನು ನೆನೆದಾಗ ಕನ್ನಡ ಮೇಷ್ಟರಾದವರಿಗೆ ಏನೋ ಆಗುತ್ತದೆ. ಕಂಡ ಮಾತನ್ನು ಗುರುತಿಸುವುದು ಬೇರೆ, ಕಾಣದ ಮಾತನ್ನು ಒಳಗಿನಿಂದ ತರುವುದು ಬೇರೆ.

ಊಹೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ತಂದೆತಾಯಿಗಳು ಇದನ್ನು ಬಹಳ ಕೇಳುತ್ತಾರೆ. ನಾಲ್ಕು ಆಯ್ಕೆಗಳಿರುವ ಕಡೆ ಕಣ್ಣುಮುಚ್ಚಿ ಹೊಡೆದರೂ ನಾಲ್ಕರಲ್ಲೊಂದು ತಗಲಬೇಕು. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆಗಳು, ತಪ್ಪಿಗೆ ಕಳೆಯುವುದಿಲ್ಲ. ಏನೂ ಓದದವನಿಗೂ ಸರಾಸರಿಯಲ್ಲಿ 15 ಬರಬಹುದು. ನೀಟ್ ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ ಕೊಟ್ಟು ತಪ್ಪಿಗೆ ಒಂದನ್ನು ಕಳೆಯುತ್ತಾರೆ. ಅಷ್ಟಾದರೂ ಲೆಕ್ಕ ಹಾಕಿದರೆ ಕುರುಡು ಊಹೆಗೆ ಪ್ರಶ್ನೆಗೆ ಕಾಲು ಅಂಕದಂತೆ 180 ಪ್ರಶ್ನೆಗಳಿಗೆ 45 ಉಳಿಯುತ್ತದೆ. ಊಹೆಯ ಲಾಭ ಪೂರ್ತಿ ಅಳಿಯಬೇಕಾದರೆ ನಾಲ್ಕಕ್ಕೆ ಒಂದಲ್ಲ, ಒಂದೂ ಮೂರನೆಯ ಒಂದನ್ನು ಕಳೆಯಬೇಕು. ಶಾಲೆಯ ಕಿರುಪರೀಕ್ಷೆಯಲ್ಲಿ ಈ ಕಳೆಯುವ ಕ್ರಮ ಬೇಡವೆಂದೇ ನನ್ನ ಅಭಿಪ್ರಾಯ. ಹೆದರಿದ ಮಗು ಸೊನ್ನೆಯನ್ನು ಖಾಲಿ ಬಿಡುತ್ತದೆ; ಖಾಲಿ ಸೊನ್ನೆಯಿಂದ ಮೇಷ್ಟರಿಗೆ ತಿಳಿಯುವುದು ಏನೂ ಇಲ್ಲ.

ಯಂತ್ರಗಳೆಲ್ಲ ಮುಳ್ಳಿನ ಜಾತಿಯವೇ ಆಗಬೇಕೆಂದೇನೂ ಇರಲಿಲ್ಲ. ಜಾನ್ಸನ್‌ರಿಗಿಂತ ಮುಂಚೆ, 1920ರ ದಶಕದಲ್ಲಿ, ಒಹಾಯೊದ ಸಿಡ್ನಿ ಪ್ರೆಸ್ಸಿ ಎಂಬ ಮನಶ್ಶಾಸ್ತ್ರಜ್ಞರು ಇನ್ನೊಂದು ಬಗೆಯ ಪೆಟ್ಟಿಗೆಯನ್ನು ಮಾಡಿದ್ದರು. ಕಿಂಡಿಯಲ್ಲಿ ಪ್ರಶ್ನೆ ಕಾಣುತ್ತದೆ, ಪಕ್ಕದಲ್ಲಿ ನಾಲ್ಕು ಕೀಲಿಗಳು. ಒಂದು ಸನ್ನೆಯನ್ನು ಎತ್ತಿಟ್ಟರೆ, ಸರಿಯಾದ ಕೀಲಿಯನ್ನು ಒತ್ತುವವರೆಗೆ ಮುಂದಿನ ಪ್ರಶ್ನೆ ಬರುವುದಿಲ್ಲ. ಇಂತಿಷ್ಟು ಸರಿಯಾದರೆ ಒಂದು ಮಿಠಾಯಿ ಉದುರಿಸುವ ಏರ್ಪಾಡನ್ನೂ ಅದಕ್ಕೆ ಜೋಡಿಸಿದ್ದರಂತೆ. ಈ ಪೆಟ್ಟಿಗೆಯ ಉತ್ತರ ಹೋಗುತ್ತಿದ್ದುದು ಮಗುವಿಗೆ, ಆ ಕ್ಷಣದಲ್ಲೇ. 805ರ ಉತ್ತರ ಹೋದದ್ದು ಕಚೇರಿಗೆ. ವ್ಯಾಪಾರದಲ್ಲಿ ಗೆದ್ದದ್ದು ಎರಡನೆಯದು. ಕಚೇರಿಗಳಿಗೆ ಹಣವಿರುತ್ತದೆ, ಮಕ್ಕಳಿಗೆ ಎಲ್ಲಿಯದು!

ಇಂದಿನ ಮೊಬೈಲ್ ಫೋನು ಈ ಎರಡು ವಂಶಗಳನ್ನೂ ಒಂದು ಮಾಡಿದೆ. ಉತ್ತರದ ಹಾಳೆಯನ್ನು ಕ್ಯಾಮೆರಾಕ್ಕೆ ತೋರಿಸಿದರೆ ಅಂಕ ಹೇಳುವ ತಂತ್ರಾಂಶಗಳಿವೆ. ನನಗೆ ಹೆಚ್ಚು ಹಿಡಿಸಿದ್ದು ‘ಪ್ಲಿಕರ್ಸ್’ ಎಂಬ ಏರ್ಪಾಡು. ಮಕ್ಕಳ ಕೈಯಲ್ಲಿ ಫೋನಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಬಗೆಯ ಕಪ್ಪು ಬಿಳುಪಿನ ಚಿತ್ತಾರವಿರುವ ಕಾಗದದ ಚೀಟಿ. ಅದರ ನಾಲ್ಕು ಬದಿಗಳು ನಾಲ್ಕು ಆಯ್ಕೆಗಳು. ತನ್ನ ಉತ್ತರದ ಬದಿಯನ್ನು ಮೇಲೆ ಮಾಡಿ ಮಗು ಚೀಟಿಯನ್ನು ಎತ್ತಿ ಹಿಡಿಯುತ್ತದೆ. ಅಕ್ಷರಗಳು ಸಣ್ಣವು, ಚಿತ್ತಾರಗಳು ಬೇರೆ ಬೇರೆ. ಪಕ್ಕದವನಿಗೆ ನಕಲು ಸಾಧ್ಯವಿಲ್ಲ. ಮೇಷ್ಟರು ತಮ್ಮೊಂದು ಫೋನನ್ನು ತರಗತಿಯ ಮೇಲೆ ಆರತಿಯಂತೆ ಬೀಸಿದರೆ ಯಾವ ಮಗು ಯಾವುದನ್ನು ಆರಿಸಿತೆಂದು ಪರದೆಯ ಮೇಲೆ ಮೂಡುತ್ತದೆ. ರೆಪ್ಪೆಗಳೆಲ್ಲ ತೆರೆದುವು. ಆದರೆ ತೆರೆದದ್ದನ್ನು ನೋಡುವ ವ್ಯವಧಾನ ಬೇಕಷ್ಟೆ. ಶೇಕಡಾ ಎಷ್ಟು ಸರಿ ಎಂಬುದನ್ನು ಮಾತ್ರ ಓದಿ ಮುಂದಕ್ಕೆ ಹೋಗುವ ಮೇಷ್ಟರ ಕೈಯಲ್ಲಿ ಅದು ಬೆಲೆಬಾಳುವ ರಟ್ಟು.

ಫೋನಿಲ್ಲದ ಕಡೆ ಸ್ಲೇಟು ಸಾಕು. ಎಲ್ಲರೂ ಕ್ರಮಾಕ್ಷರವನ್ನು ಬರೆದು, ಮೇಷ್ಟರು ಮೇಜು ತಟ್ಟಿದಾಗ ಒಟ್ಟಿಗೆ ಎತ್ತಬೇಕು. ಒಟ್ಟಿಗೆ ಎಂಬುದು ಮುಖ್ಯ. ತಡವಾದರೆ ತರಗತಿಯ ಮೊದಲಿಗನ ಸ್ಲೇಟನ್ನು ನೋಡಿ ಇಡೀ ತರಗತಿಯ ಉತ್ತರ ಬದಲಾಗುತ್ತದೆ.

ಎಲ್ಲಕ್ಕಿಂತ ಕಷ್ಟದ ಕೆಲಸ ತಪ್ಪು ಉತ್ತರಗಳನ್ನು ಬರೆಯುವುದು. ಸರಿಯಾದುದನ್ನು ಯಾರಾದರೂ ಬರೆದಾರು. ಉಳಿದ ಮೂರನ್ನು ತುಂಬಲಾರದೆ, ನಗು ಬರುವಂಥ ಒಂದನ್ನು ಕೊನೆಗೆ ಸೇರಿಸಿ ಕೈತೊಳೆದುಕೊಳ್ಳುವುದನ್ನು ಎಷ್ಟೋ ಪ್ರಶ್ನೆಪತ್ರಿಕೆಗಳಲ್ಲಿ ಕಾಣುತ್ತೇವೆ. ಯಾರೂ ಮುಟ್ಟದ ಆಯ್ಕೆ ಇದ್ದೂ ಇಲ್ಲದಂತೆ. ಅದನ್ನು ತೆಗೆದು ಮೂರೇ ಉಳಿಸಿದರೂ ನಷ್ಟವಿಲ್ಲವೆಂದು ಸಂಶೋಧನೆಗಳೂ ಹೇಳುತ್ತವೆ. ಸರಿಯುತ್ತರವನ್ನು ಎಲ್ಲಕ್ಕಿಂತ ಉದ್ದವಾಗಿ ಬರೆಯುವ ಚಾಳಿ ಇನ್ನೊಂದು. ಇದನ್ನು ಮಕ್ಕಳು ಪಾಠಕ್ಕಿಂತ ಮೊದಲು ಕಲಿಯುತ್ತಾರೆ. ಒಳ್ಳೆಯ ತಪ್ಪುಗಳು ಬೇಕಾದರೆ ಮಕ್ಕಳನ್ನೇ ಕೇಳಬೇಕು. ಮೊದಲು ಆಯ್ಕೆಗಳಿಲ್ಲದೆ ಬರಿಯ ಪ್ರಶ್ನೆಯನ್ನು ಕೊಟ್ಟು, ಅವರು ತಾವಾಗಿ ಬರೆದ ತಪ್ಪುಗಳನ್ನು ಆರಿಸಿ ಮುಂದಿನ ಸಲದ ಪ್ರಶ್ನೆಗೆ ಆಯ್ಕೆಗಳನ್ನಾಗಿ ಇಟ್ಟರಾಯಿತು. ಮೇಷ್ಟರು ಕೂತು ಕಲ್ಪಿಸಿದ ತಪ್ಪಿಗೆ ಅಷ್ಟು ಜೀವವಿರುವುದಿಲ್ಲ.

ಕೊನೆಯದಾಗಿ, ಖರ್ಚಿಲ್ಲದ ಒಂದು ಕ್ರಮ. ಹಾಳೆಗಳನ್ನು ರಟ್ಟಿನಿಂದ ತಿದ್ದಿದ ಮೇಲೆ, ಹೆಸರಿನ ಭಾಗವನ್ನು ಮಡಿಚಿ, ಕಲಸಿ ಮಕ್ಕಳಿಗೆ ಹಂಚಿರಿ. ಯಾರ ಕೈಯಲ್ಲಿ ಯಾರದಿದೆಯೋ ತಿಳಿಯದು. ಹೆಚ್ಚು ಮಂದಿ ಎಡವಿದ ಐದಾರು ಪ್ರಶ್ನೆಗಳನ್ನು ಮಾತ್ರ ತೆಗೆದುಕೊಂಡು, ಏಳನೆಯ ಪ್ರಶ್ನೆ, ಎ ಎಷ್ಟು, ಬಿ ಎಷ್ಟು ಎಂದು ಕೇಳುತ್ತ ಹೋದರೆ ಕೈಗಳು ಏಳುತ್ತವೆ. ಎತ್ತಿದ ಕೈ ತನ್ನ ತಪ್ಪಿಗಾಗಿ ಎತ್ತಿದ್ದಲ್ಲವಾದ್ದರಿಂದ ಯಾರಿಗೂ ನಾಚಿಕೆಯಿಲ್ಲ. ಎಣಿಸಿ ಹಲಗೆಯ ಮೇಲೆ ನಾಲ್ಕು ಅಂಕಿ ಬರೆದು, ಇಷ್ಟು ಮಂದಿ ಆಗಮ ಎಂದಿದ್ದಾರೆ, ಏಕೆ ಎಂದಿರಬಹುದು ಎಂದು ಕೇಳಿದರೆ ಹತ್ತು ನಿಮಿಷದ ಪಾಠವಾಯಿತು. ಶಾಲೆಯಲ್ಲಿ ಒಪ್ಪಿಸಬೇಕಾದ ಕ್ರೋಢೀಕೃತ ಅಂಕಪಟ್ಟಿಯಲ್ಲಿ ಆ ನಾಲ್ಕು ಅಂಕಿಗಳಿಗೆ ಅಂಕಣವಿರುವುದಿಲ್ಲ. ಪಾಠಟಿಪ್ಪಣಿಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಅವನ್ನು ಬರೆದಿಟ್ಟುಕೊಳ್ಳಬೇಕು. ವರ್ಗವಾಗಿ ಹೋಗುವಾಗ ಆ ಹಾಳೆಯನ್ನು ಹರಿದು, ಬಂದ ಹೊಸ ಮೇಷ್ಟರ ಕೈಗೆ ಕೊಟ್ಟು ಹೋಗಬಹುದು.